ಎರಡು ರಬ್ಬರ್ ಬ್ಯಾಂಡಿನ ಡಬ್ಬಿ

ಆ ಈಜುಕೊಳದ ಕ್ಯಾಂಟೀನಿನಲ್ಲಿ ಬಾಯಿ ತೆರೆದ ಯಾವ ಡಬ್ಬಿಯ ಮೇಲೂ ತಾರೀಕು ಇರುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಇನ್ಸ್‌ಪೆಕ್ಟರಮ್ಮ ಇದ್ದಳು.

ಅವಳೇನು ಪೊಲೀಸಿನವಳಲ್ಲ. ಇಪ್ಪತ್ತಾರು ವರ್ಷದಿಂದ ಅಲ್ಲಿನ ಅಡುಗೆಮನೆ ನೋಡಿಕೊಂಡು ಬಂದ ಹೆಂಗಸು. ಆ ಅಡ್ಡಹೆಸರು ತಂದುಕೊಟ್ಟದ್ದು ಅವಳ ಮೂಗು. ಪ್ರತಿ ಸೋಮವಾರ ಬೆಳಗ್ಗೆ, ಮಕ್ಕಳು ನೀರಿಗಿಳಿಯುವ ಮೊದಲು, ಫ್ರಿಜ್ಜಿನಲ್ಲಿ ಬಾಯಿ ತೆರೆದು ಕೂತಿದ್ದ ಡಬ್ಬಿಗಳೆಲ್ಲ ಸ್ಟೀಲ್ ಮೇಜಿನ ಮೇಲೆ ಸಾಲಾಗಿ ಬಂದು ನಿಲ್ಲಬೇಕು. ಮೊಸರು, ಬೆಣ್ಣೆ, ಸಾಸು, ಎಲ್ಲಕ್ಕಿಂತ ಹೆಚ್ಚಾಗಿ ಚೀಸ್ ಡಿಪ್. ಬಿಸಿಬಿಸಿ ಕರಿದ ಆಲೂಗಡ್ಡೆಯನ್ನು ಚೀಸ್ ಡಿಪ್ಪಿನಲ್ಲಿ ಅದ್ದಿ ತಿನ್ನದೆ ಆ ಕೊಳದಿಂದ ಮನೆಗೆ ಹೋದ ಮಗುವನ್ನು ಯಾರೂ ನೋಡಿಲ್ಲ. ಅವಳು ಒಂದೊಂದೇ ಮುಚ್ಚಳ ತೆಗೆಯುತ್ತಿದ್ದಳು, ಕಣ್ಣು ಮುಚ್ಚಿ ಒಂದು ಸಲ ಮೂಸುತ್ತಿದ್ದಳು. ಚೆನ್ನಾಗಿದ್ದರೆ 'ಇರಲಿ'. ಕೆಟ್ಟಿದ್ದರೆ 'ಹೋಗಲಿ'. ಅದರ ಮೇಲೆ ಇನ್ನು ಮಾತಿಲ್ಲ.

ಎರಡು ವರ್ಷದ ಹಿಂದೆ ಕ್ಲಬ್ಬಿನ ಕಾರ್ಯದರ್ಶಿಗಳು ಒಂದು ಸುರುಳಿ ಸ್ಟಿಕ್ಕರ್ ತಂದುಕೊಟ್ಟಿದ್ದರು. ಡಬ್ಬಿ ತೆರೆದ ದಿನ ಅದರ ಮೇಲೆ ತಾರೀಕು ಬರೆದು ಅಂಟಿಸಿ ಅಂದಿದ್ದರು. ಅವರು ಆಚೆ ಹೋದದ್ದೇ ತಡ, ಆಲೂಗಡ್ಡೆ ಕರಿಯುವವನು ಒಂದು ಸ್ಟಿಕ್ಕರನ್ನು ಹಣೆಗೆ ಅಂಟಿಸಿಕೊಂಡು, "ಅಕ್ಕಾ, ನನ್ನನ್ನ ಯಾವತ್ತು ತೆರೆದಿದ್ದು ಅಂತ ಬರೀರಿ" ಅಂದಿದ್ದ. ಇನ್ಸ್‌ಪೆಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ" ಅಂದು ಸುರುಳಿಯನ್ನು ಡ್ರಾಯರಿಗೆ ಹಾಕಿದಳು. ಅದು ಅಲ್ಲೇ ಉಳಿಯಿತು.

ಈಗ ಆ ಮೂಗು ಸತ್ತು ನಾಲ್ಕು ತಿಂಗಳಾಗಿತ್ತು. ಡಾಕ್ಟರನ್ನು ಬಿಟ್ಟರೆ ಈ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೆ.

ಒಂದು ವಾರ ಕೆಟ್ಟ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಮೊದಲು ನೆಗಡಿ ಇರಬೇಕು ಅಂದುಕೊಂಡಳು. ಒಂದು ಬೆಳಗ್ಗೆ ನೆಲ ಒರೆಸುವಾಗ ಫಿನಾಯಿಲ್ ಬಾಟಲಿಯನ್ನೇ ಮೂಗಿಗೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಡಾಕ್ಟರು, ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಾಗಿತ್ತೇ ಎಂದು ಅವಳಿಗೆ ಸಿಟ್ಟು ಬಂತು.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮೂಗಿಲ್ಲದ ಇನ್ಸ್‌ಪೆಕ್ಟರಮ್ಮ ಅಂದರೆ ಏನು? ಐವತ್ತೆಂಟು ದಾಟಿದ, ಮಂಡಿ ನೋವಿನ ಒಬ್ಬ ಮುದುಕಿ, ಅಷ್ಟೆ. ಕ್ಯಾಂಟೀನಿನಲ್ಲಿ ಮಾತ್ರವಲ್ಲ, ಮನೆಯಲ್ಲೂ ಅವಳ ಮಾತಿಗೆ ತೂಕ ಬಂದದ್ದು ಆ ಮೂಗಿನಿಂದಲೇ. ಸೊಸೆ ಹಾಲಿನ ಪಾತ್ರೆ ಹಿಡಿದುಕೊಂಡು ಬಂದು, "ಅತ್ತೆ, ಸ್ವಲ್ಪ ನೋಡಿ" ಅಂದಾಗ ಎದೆಯೊಳಗೆ ಏನೋ ತಣ್ಣಗಾಗುತ್ತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

ಆ ಸೊಸೆ ಈಗ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಇಳಿದುಹೋಗಿತ್ತು. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ಹದಿನೈದು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ಈ ಸಲ ಅವಳು ಅತ್ತೆ ಮೂಸದೆ ಒಂದು ತುತ್ತನ್ನೂ ಬಾಯಿಗಿಡುತ್ತಿರಲಿಲ್ಲ. "ಅತ್ತೆ ಮೂಸಿದ್ರೆ ಮುಗೀತು" ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಇನ್ಸ್‌ಪೆಕ್ಟರಮ್ಮ ಏನೂ ಮಾಡದೆ ಕೂತವಳಲ್ಲ, ಅದನ್ನು ಹೇಳಲೇಬೇಕು. ಮೂಗು ಹೋದ ಮೇಲೆ ಅವಳು ತನ್ನದೇ ಒಂದು ಉಪಾಯ ಹೂಡಿದಳು. ಸ್ಟಿಕ್ಕರ್ ಅಂಟಿಸಿದರೆ ಗುಟ್ಟು ಬಯಲಾಗುತ್ತದೆ. ಹಾಗಾಗಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ತೆರೆದ ಪ್ರತಿ ಡಬ್ಬಿಯ ಕುತ್ತಿಗೆಗೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕುವಳು. ಒಂದು ದಿನಕ್ಕೆ ಒಂದು. ಏಳು ಆದರೆ 'ಹೋಗಲಿ'. ಡಬ್ಬಿಯ ಮೇಲೆ ಎರಡು ವಾರ ಇಡಬಹುದು ಅಂತ ಅಚ್ಚಾಗಿದ್ದರೂ ಅವಳ ಲೆಕ್ಕ ಏಳೇ. ತೆರೆದ ಡಬ್ಬಿ ಆಗಿಂದಾಗ್ಗೆ ಫ್ರಿಜ್ಜಿಗೆ ಹೋಗಬೇಕು. ಒಣಗಿದ, ತೊಳೆದ ಚಮಚ ಮಾತ್ರ ಒಳಗಿಳಿಯಬೇಕು. ಬಟ್ಟಲಿಗೆ ಹಾಕಿ ಹೊರಗಿಟ್ಟದ್ದು ಎರಡು ಗಂಟೆ ಕಳೆದರೆ ಕಸಕ್ಕೆ, ಮತ್ತೆ ಡಬ್ಬಿಗೆ ಸುರಿಯುವ ಹಾಗಿಲ್ಲ. ಈ ಕಟ್ಟುಪಾಡುಗಳನ್ನು ಅವಳು ಮೊದಲಿಗಿಂತ ಬಿಗಿ ಮಾಡಿದಳು. ಸೋಮವಾರ ಮುಚ್ಚಳ ತೆಗೆದು, ಮೊದಲಿನಂತೆಯೇ ಕಣ್ಣು ಮುಚ್ಚಿ ಮೂಸುವಳು. ಆದರೆ ಬೆರಳು ಡಬ್ಬಿಯ ಕುತ್ತಿಗೆಯ ಮೇಲೆ ಮೆಲ್ಲಗೆ ಹರಿದು ಬ್ಯಾಂಡುಗಳನ್ನು ಎಣಿಸುತ್ತಿತ್ತು.

ಮೂರು ತಿಂಗಳು ಸುಸೂತ್ರವಾಗಿ ನಡೆಯಿತು. ನಾಲ್ಕನೆಯ ತಿಂಗಳಲ್ಲಂತೂ ಒಂದು ಡಬ್ಬಿಯೂ ಏಳು ಮುಟ್ಟಲಿಲ್ಲ. ಏನೂ ಹಾಳಾಗುತ್ತಿಲ್ಲ ಎಂದು ಕಾರ್ಯದರ್ಶಿಗಳು ಬಾಯಿತುಂಬ ಹೊಗಳಿದರು. ಅದೇ ತಿಂಗಳು ಈಜು ಕಲಿಸುವ ಮಾಸ್ತರು ಹೊಟ್ಟೆ ಕೆಟ್ಟು ಎರಡು ದಿನ ಮಲಗಿದರು. ಕೊಳದ ನೀರು ಕುಡಿದಿರಬೇಕು ಎಂದು ಎಲ್ಲರೂ ತಮಾಷೆ ಮಾಡಿದರು. ಇನ್ಸ್‌ಪೆಕ್ಟರಮ್ಮನೂ ನಕ್ಕಳು.

ಆ ತಿಂಗಳ ಕೊನೆಯ ಸೋಮವಾರ ಮೇಜಿನ ಮೇಲೆ ಐದು ಡಬ್ಬಿಗಳಿದ್ದವು. ಕೊನೆಯದು ಹಸಿಮೆಣಸಿನಕಾಯಿ ಚೂರು ಹಾಕಿದ ಚೀಸ್ ಡಿಪ್. ಮಕ್ಕಳಿಗೆ ಖಾರ ಆಗದು, ಹಾಗಾಗಿ ಅದನ್ನು ಕೇಳುವವರು ಕಡಿಮೆ. ಅರ್ಧ ಡಬ್ಬಿ ಇನ್ನೂ ಉಳಿದಿತ್ತು. ಮುಚ್ಚಳ ತಿರುಗಿಸುವಾಗ ಟಪ್ ಎಂದು ಸಣ್ಣ ಸದ್ದಾಯಿತು. ಮೇಲೆ ಒಂದು ಪದರ ತೆಳ್ಳಗಿನ ನೀರು ನಿಂತಿತ್ತು. ಬೆರಳಿಗೆ ಸಿಕ್ಕಿದ್ದು ಎರಡು ಬ್ಯಾಂಡ್.

"ಇರಲಿ."

ಆಲೂಗಡ್ಡೆ ಕರಿಯುವವನು ಬಾಣಲೆ ಬಿಟ್ಟು ಹತ್ತಿರ ಬಂದ. ಹನ್ನೊಂದು ವರ್ಷದಿಂದ ಅವಳ ಜೊತೆ ಕೆಲಸ ಮಾಡಿದವನು. ಎಂದೂ ಎದುರಾಡಿದವನಲ್ಲ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಹುಳಿ ವಾಸನೆ ಹೊಡೀತಿದೆ ಅನ್ಸುತ್ತಲ್ಲ?"

ಅವಳ ಮುಖ ಕೆಂಪಾಯಿತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಆದರೆ ಹೆದರಿಕೆ ಅವಳಲ್ಲಿ ಯಾವಾಗಲೂ ಸಿಟ್ಟಿನ ವೇಷ ಹಾಕಿಕೊಂಡೇ ಹೊರಗೆ ಬರುವುದು. "ಈಗ ನೀನು ನಂಗೆ ಮೂಸೋದು ಕಲಿಸ್ತೀಯಾ? ಎಣ್ಣೆ ಹೊಗೆ ಕುಡಿದೂ ಕುಡಿದೂ ನಿನ್ನ ಮೂಗೇ ಹುಳಿ ಆಗಿದೆ."

"ಅಯ್ಯೋ, ನೀವು ಹೇಳಿದ ಮೇಲೆ ಆಯ್ತು ಬಿಡಿ. ಆದ್ರೂ ಮೇಲೆ ನೀರು ಬಿಟ್ಟಿದೆ..."

"ನೀರು ಬಿಟ್ರೆ ಕಲಸಿದ್ರಾಯ್ತು! ಎರಡು ದಿನದ ಡಬ್ಬಿ ಇದು. ಗಿರಾಕಿಗೆ ಕೊಡೋಕೆ ನಿಂಗೆ ಭಯ ಆದ್ರೆ ಬೇಡ. ನಾನೇ ಮನೆಗೆ ತಗೊಂಡು ಹೋಗ್ತೀನಿ. ಬಾಯಿ ಕೆಟ್ಟಿದೆ, ಏನಾದ್ರೂ ಖಾರ ತನ್ನಿ ಅಂತ ನನ್ನ ಸೊಸೆ ಬಡ್ಕೋತಾ ಇದಾಳೆ. ಅವಳಿಗೇ ಕೊಡ್ತೀನಿ. ಸಾಕಾ?"

ಸಾಕಾಯಿತು. ಬಸುರಿ ಸೊಸೆಗೆ ಕೊಡುತ್ತೇನೆ ಅಂದ ಮೇಲೆ ಯಾರು ತಾನೇ ಇನ್ನೊಂದು ಮಾತಾಡುತ್ತಾರೆ? ಅವನು ಕೈ ಮುಗಿದು ಬಾಣಲೆಯ ಹತ್ತಿರ ಹೋದ. ಅವಳು ಚಮಚದಿಂದ ನೀರಿನ ಪದರವನ್ನು ಒಳಗೆ ಕಲಸಿದಳು. ಡಿಪ್ಪು ಮೊದಲಿನಂತೆ ನುಣ್ಣಗೆ, ಹಳದಿಯಾಗಿ ಕಂಡಿತು. ಸಂಜೆ ಅದನ್ನು ತನ್ನ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದಳು.

ಸುಳ್ಳು ಹೇಳಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಎರಡು ಬ್ಯಾಂಡ್ ಅಂದರೆ ಎರಡು ದಿನ. ಮೂಗು ಸುಳ್ಳು ಹೇಳಬಹುದು, ಲೆಕ್ಕ ಸುಳ್ಳು ಹೇಳುತ್ತದೆಯೇ? ಮನೆಗೆ ಬಂದು ಡಬ್ಬಿಯನ್ನು ಫ್ರಿಜ್ಜಿನೊಳಗೆ ಮೇಲಿನ ಅರೆಯಲ್ಲಿಟ್ಟಳು. ಸೊಸೆ ಸೋಫಾದಿಂದಲೇ, "ನಿಮ್ಮ ಮೂಗಿನ ಮುಂದೆ ಹಾಯ್ದು ಬಂದಿದೆ ತಾನೇ?" ಎಂದು ಕೇಳಿದಳು. "ಹಾಯ್ದೇ ಬಂದಿದೆ ಕಣೇ. ನಾಳೆ ಮಧ್ಯಾಹ್ನ ತಿನ್ನು, ಈ ಹೊತ್ತಲ್ಲಿ ಖಾರ ಬೇಡ" ಅಂದಳು.

ಮಂಗಳವಾರ ಹನ್ನೆರಡೂವರೆಗೆ ಮಕ್ಕಳ ತಂಡವೊಂದು ಕೊಳದಿಂದ ಎದ್ದು ಬಂತು. ಒದ್ದೆ ಕೂದಲು, ಒದ್ದೆ ಚಪ್ಪಲಿ, ಕಿವಿಗಡಚಿಕ್ಕುವ ಗಲಾಟೆ. ಆಲೂಗಡ್ಡೆ ಕರಿಯುವವನು ಪೊಟ್ಟಣ ಕಟ್ಟುತ್ತಿದ್ದ. ಕಾಗದ ಮಡಚಿ, ಕೈ ಹಿಂದಕ್ಕೆ ಚಾಚಿ ಫ್ರಿಜ್ಜಿನ ಬಾಗಿಲು ತೆಗೆದು, ನೋಡದೆಯೇ ಒಂದು ಡಬ್ಬಿಯ ಕುತ್ತಿಗೆಯಿಂದ ರಬ್ಬರ್ ಬ್ಯಾಂಡ್ ಎಳೆದು, ಪೊಟ್ಟಣಕ್ಕೆ ಸುತ್ತಿದ. ಎಷ್ಟೋ ದಿನದಿಂದ ರೂಢಿಯಾದ ಕೈ ಅದು.

ಇನ್ಸ್‌ಪೆಕ್ಟರಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಅದು ಎಲ್ಲಿಂದ ತಗೊಂಡೆ?"

"ಏನು, ರಬ್ಬರ್ ಬ್ಯಾಂಡಾ? ಡಬ್ಬಿಗಳ ಮೇಲೆ ರಾಶಿ ಬಿದ್ದಿರುತ್ತಲ್ಲ ಅಕ್ಕಾ. ಯಾಕೆ ಹಾಕ್ತಾರೋ ಏನೋ. ನಮ್ಮ ಪೊಟ್ಟಣದ ದಾರ ಖಾಲಿಯಾಗಿ ಒಂದು ತಿಂಗಳಾಯ್ತು, ಹೇಳಿದ್ರೂ ತರ್ಸಿಲ್ಲ. ಇದರಲ್ಲೇ ಕೆಲಸ ನಡೀತಿದೆ." ಅವನು ಹಲ್ಲು ಬಿಟ್ಟ. "ಪೂರ್ತಿ ತೆಗೆಯಲ್ಲ. ಮುಚ್ಚಳ ಬಿಗಿಯಾಗಿರ್ಲಿ ಅಂತ ಒಂದೆರಡು ಬಿಟ್ಟಿರ್ತೀನಿ."

ಒಂದೆರಡು ಬಿಟ್ಟಿರುತ್ತಾನೆ. ಒಂದು ತಿಂಗಳಿಂದ. ಅವಳು ಬೆಳಗ್ಗೆ ಹಾಕಿದ್ದನ್ನು ಅವನು ಮಧ್ಯಾಹ್ನ ತೆಗೆದಿದ್ದಾನೆ. ಒಂದು ಡಬ್ಬಿಯೂ ಏಳು ಮುಟ್ಟದೆ ಇದ್ದದ್ದಕ್ಕೆ ಕಾರಣ ಇದು. ಇದಕ್ಕೇ ಕಾರ್ಯದರ್ಶಿಗಳು ಹೊಗಳಿದ್ದು.

"ಆ ಖಾರದ ಡಬ್ಬಿ," ಅವಳು ಲೋಟ ಕೆಳಗಿಟ್ಟಳು, "ಆ ಹಸಿಮೆಣಸಿನಕಾಯಿದು. ಅದನ್ನ ತೆರೆದಿದ್ದು ಯಾವತ್ತು?"

ಅವನು ಯೋಚಿಸಿದ. "ಈಜಿನ ಸ್ಪರ್ಧೆ ನಡೀತಲ್ಲ, ಆವತ್ತೇ. ಬಂದ ಅತಿಥಿಗಳು ಯಾರೋ ಖಾರದ್ದು ಬೇಕು ಅಂದ್ರು, ನಾನೇ ತೆರೆದೆ. ಆಮೇಲೆ ಗಡಿಬಿಡಿಯಲ್ಲಿ ಕಿಟಕಿ ಹತ್ರ ಬಿಸಿಲಲ್ಲೇ ಉಳೀತು. ಸಂಜೆ ನೆನಪಾಗಿ ಒಳಗಿಟ್ಟೆ. ನೀವು ಸೋಮವಾರ ಮೂಸಿ ನೋಡ್ತೀರಲ್ಲ, ಕೆಟ್ಟಿದ್ರೆ ಗೊತ್ತಾಗುತ್ತೆ ಅಂತ..." ಅವನು ಅವಳ ಮುಖ ನೋಡಿದ. "ಯಾಕಕ್ಕಾ? ಏನಾಯ್ತು?"

ಸ್ಪರ್ಧೆ ನಡೆದು ಹತ್ತೊಂಬತ್ತು ದಿನವಾಗಿತ್ತು.

ಅವಳು ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಏಪ್ರನ್ ಬಿಚ್ಚದೆಯೇ ರಸ್ತೆಗೆ ಓಡಿದಳು. ಬಸ್ಸಿನಲ್ಲಿ ಮೂರನೆಯ ಸಲ, ನಾಲ್ಕನೆಯ ಸಲ. ಗೋದಾಮಿನಲ್ಲಿ ಕೆಲಸ ಮಾಡುವ ಮಗನ ಫೋನ್ ಹಗಲು ಹೊತ್ತು ಲಾಕರಿನಲ್ಲಿರುತ್ತದೆ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಒಬ್ಬಾಕೆ ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡು ಹತ್ತಿದಳು, ಜಾಗ ಮಾಡಿಕೊಡಲು ಎಲ್ಲರೂ ಹಿಂದೆ ಸರಿದರು. ಇನ್ಸ್‌ಪೆಕ್ಟರಮ್ಮ ಆ ಕೂಸಿನ ಕಡೆ ನೋಡಲಾರದೆ ಮುಖ ತಿರುಗಿಸಿದಳು. ತಿಂದಿರಬಾರದು, ತಿಂದಿರಬಾರದು ಎಂದು ಮನಸ್ಸಿನಲ್ಲಿ ಒಂದೇ ಸಮನೆ ಹೇಳಿಕೊಂಡಳು. ಹಸಿವಿಲ್ಲ ಅಂತ ಮಲಗಿರಲಿ. ನನ್ನ ಮೇಲೆ ಕೋಪ ಬಂದು ಮುಟ್ಟದೆ ಇರಲಿ. ಆ ಗಾಜಿನ ಡಬ್ಬಿ ಕೈಜಾರಿ ಬಿದ್ದು ಒಡೆದುಹೋಗಿರಲಿ.

ಬಾಗಿಲು ತೆರೆದಾಗ ಸೊಸೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ನಲ್ಲಿಯ ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ. ಡಬ್ಬಿ ಮೇಜಿನ ಮೇಲಿತ್ತು. ಒಳಗೆ ಚಮಚ. ತಳ ಕಾಣುತ್ತಿತ್ತು.

"ಇದೇನತ್ತೆ, ಇಷ್ಟು ಬೇಗ? ಏಪ್ರನ್ನಲ್ಲೇ ಬಂದಿದೀರಿ?"

"ತಿಂದೆಯಾ?"

"ಹೂಂ. ಬ್ರೆಡ್ ಜೊತೆ." ಸೊಸೆ ನಕ್ಕು ಕೈ ಒರೆಸಿಕೊಂಡಳು. "ಮೊದಲು ಮುಚ್ಚಳ ತೆಗೆದಾಗ ಒಂಥರಾ ಹುಳಿ ವಾಸನೆ ಬಂತು ಅತ್ತೆ. ಬೇಡ ಅಂತ ಎತ್ತಿಟ್ಟೆ. ಆಮೇಲೆ ಯೋಚಿಸ್ದೆ, ಬಸುರಿಗೆ ಎಲ್ಲಾನೂ ವಾಸನೆಯೇ ಅಲ್ವಾ, ನನ್ನ ಮೂಗನ್ನ ನಂಬೋ ಹಾಗಿಲ್ಲ. ನೀವು ನೋಡಿ ತಂದಿದ್ದು ಅಂದ್ಮೇಲೆ ನನ್ನದೇನು ಅಂತ ಪೂರ್ತಿ ತಿಂದುಬಿಟ್ಟೆ."

ಇನ್ಸ್‌ಪೆಕ್ಟರಮ್ಮ ಡಬ್ಬಿಯನ್ನು ಕೈಗೆತ್ತಿಕೊಂಡಳು. ಸುಳ್ಳು ಹೇಳಲು ಆಗಲೂ ಒಂದು ಸಂದಿ ಇತ್ತು. ಡಬ್ಬಿ ಬದಲಾಗಿಬಿಟ್ಟಿತು ಅನ್ನಬಹುದಿತ್ತು, ಆಲೂಗಡ್ಡೆಯವನ ತಲೆಗೆ ಕಟ್ಟಬಹುದಿತ್ತು. ಆ ಸಂದಿ ಅವಳ ಕಣ್ಣಿಗೆ ಬಿದ್ದಿತು ಕೂಡ. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ನಂಗೆ ವಾಸನೆ ಬರಲ್ಲ ಕಣೇ."

"ಅಂದ್ರೆ?"

"ಬರಲ್ಲ. ಏನೂ ಬರಲ್ಲ. ಜ್ವರ ಬಂತಲ್ಲ, ಆವಾಗಿಂದ. ಆ ಡಬ್ಬಿ ತೆರೆದು ಹತ್ತೊಂಬತ್ತು ದಿನ ಆಗಿದೆ. ಮೊದಲನೇ ದಿನ ಬಿಸಿಲಲ್ಲೇ ಇತ್ತಂತೆ. ಎದ್ದೇಳು, ಆಸ್ಪತ್ರೆಗೆ ಹೋಗೋಣ."

ಸೊಸೆ ಏಳಲಿಲ್ಲ, ಯಾಕೆಂದರೆ ಅವಳು ನಿಂತೇ ಇದ್ದಳು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಬೈಯುತ್ತಾಳೆ ಎಂದು ಅತ್ತೆ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಳು.

"ನಾಲ್ಕು ತಿಂಗಳು" ಅಂದಳು ಮೆಲ್ಲಗೆ. "ಹಾಗಾದ್ರೆ ಹಾಲು? ಮೊಸರು? ಆ ಮೊಟ್ಟೆ, ಮೀನು? ನಾನು ದಿನಾ ನಿಮ್ಮ ಮುಂದೆ ಹಿಡೀತಿದ್ನಲ್ಲ ಅತ್ತೆ. ಈ ನಾಲ್ಕು ತಿಂಗಳು ನಾನು ತಿಂದಿದ್ದೆಲ್ಲಾ?"

ಅತ್ತೆ ಅವಳ ಚಪ್ಪಲಿ ತಂದು ಮುಂದಿಟ್ಟಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳೊಬ್ಬಳು, ಉಂಡವಳು ಇನ್ನೊಬ್ಬಳು, ಅದರ ಪಾಲು ಹೋಗುವುದು ಇನ್ನೂ ಕಣ್ಣು ಬಿಡದ ಮೂರನೆಯವರಿಗೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡರು. ಏನು ತಿಂದದ್ದು, ಎಷ್ಟು, ಯಾವಾಗ ತೆರೆದದ್ದು. ರಕ್ತ ತೆಗೆದರು. ಮಗುವಿನ ಎದೆಬಡಿತ ಕೇಳಿಸಿದರು, ಅದು ಓಡುವವರ ಹಾಗೆ ಟಕಟಕ ಹೊಡೆಯುತ್ತಿತ್ತು. ಅಷ್ಟರಲ್ಲಿ ಕೆಲಸ ಮುಗಿಸಿ ಫೋನ್ ನೋಡಿಕೊಂಡ ಮಗನೂ ಬಂದ. ಅವನು ಹೆಂಡತಿಯ ಪಕ್ಕ ನಿಂತ, ಅಮ್ಮನ ಪಕ್ಕ ನಿಲ್ಲಲಿಲ್ಲ.

"ಏನೂ ಆಗದೇ ಇರಬಹುದು" ಎಂದರು ಡಾಕ್ಟರಮ್ಮ. "ಹೆಚ್ಚಿನವರಿಗೆ ಹೊಟ್ಟೆ ಕೆಟ್ಟು ಎರಡು ದಿನದಲ್ಲಿ ಸರಿಹೋಗುತ್ತೆ. ಆದ್ರೆ ಒಂದು ಜಾತಿ ಕ್ರಿಮಿ ಇದೆ. ಅದು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತೆ. ಅದು ಹೊಟ್ಟೆಗೆ ಹೋಗಿದ್ರೆ ಕೆಲವು ಸಲ ವಾರಗಟ್ಟಲೆ, ತಿಂಗಳಾದ್ರೂ ಏನೂ ತೋರ್ಸಲ್ಲ. ತಾಯಿಗೆ ಸುಮ್ನೆ ಒಂದು ಜ್ವರ, ಮೈಕೈ ನೋವು, ಅಷ್ಟೇ. ಮಗುವಿಗೆ ಅಷ್ಟಕ್ಕೇ ನಿಲ್ಲಲ್ಲ. ಜ್ವರ ಅಥವಾ ಚಳಿ ಬಂದ್ರೆ ಒಂದು ಗಂಟೆನೂ ಕಾಯ್ಬೇಡಿ."

"ವಾಸನೆ ನೋಡಿದ್ರೆ ಗೊತ್ತಾಗ್ತಿತ್ತಾ ಡಾಕ್ಟ್ರೇ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಹುಳಿ ವಾಸನೆ ಬಂದ್ರೆ, ನೀರು ಬಿಟ್ರೆ, ಬೂಷ್ಟು ಕಂಡ್ರೆ, ಮುಚ್ಚಳ ಉಬ್ಬಿದ್ರೆ ಪೂರ್ತಿ ಎಸೀಬೇಕಮ್ಮ, ಮೇಲಿಂದು ಮಾತ್ರ ತೆಗೆದ್ರೆ ಸಾಲ್ದು. ಆದ್ರೆ ನಾನು ಹೇಳಿದ ಕ್ರಿಮಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದಕ್ಕೇ ತಾರೀಕು ಬರೀಬೇಕು ಅನ್ನೋದು."

ಇಪ್ಪತ್ತಾರು ವರ್ಷ. ಅಷ್ಟು ವರ್ಷ ಆ ಕ್ಯಾಂಟೀನನ್ನು ಕಾಯ್ದದ್ದು ತನ್ನ ಮೂಗಲ್ಲ, ಬರೀ ಅದೃಷ್ಟ ಎಂಬುದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅವಳಿಗೆ ಅರ್ಥವಾಯಿತು.

ಮರುದಿನ ಬೆಳಗ್ಗೆ, ಸೋಮವಾರಕ್ಕೆ ಕಾಯದೆ, ಅವಳು ಫ್ರಿಜ್ಜಿನಲ್ಲಿದ್ದ ತೆರೆದ ಡಬ್ಬಿಗಳನ್ನೆಲ್ಲ, ಒಂದನ್ನೂ ಮೂಸದೆ, ಕಸದ ಚೀಲಕ್ಕೆ ಹಾಕಿದಳು. ಎಲ್ಲರ ಮುಂದೆ ನಿಂತು ವಿಷಯ ಹೇಳಿದಳು. ಆಲೂಗಡ್ಡೆ ಕರಿಯುವವನು ಅತ್ತುಬಿಟ್ಟ. ತಾನು ಬ್ಯಾಂಡ್ ತೆಗೆದದ್ದೇ ತಪ್ಪು ಅಂದ. "ನಿಂದೇನು ತಪ್ಪೋ? ನೀನು ಸರಿಯಾಗೇ ಮೂಸಿದ್ದೆ" ಅಂದಳು. ಡ್ರಾಯರಿನಿಂದ ಆ ಸ್ಟಿಕ್ಕರ್ ಸುರುಳಿ ತೆಗೆದು ಅವನ ಕೈಗಿಟ್ಟಳು.

ಮನೆಯಲ್ಲಿ ಸೊಸೆ ಈಗ ಏನನ್ನೂ ಅವಳ ಮುಂದೆ ಹಿಡಿಯುವುದಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಬೇಕಾದಷ್ಟು ಮಾತಾಡುತ್ತಾಳೆ, ಅತ್ತೆ ಅನ್ನುತ್ತಾಳೆ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕನ್ನು ಮಾತ್ರ ತಾನೇ ಎರಡೆರಡು ಸಲ ಓದುತ್ತಾಳೆ. ಹೊಟ್ಟೆ ಕೆಡಲಿಲ್ಲ. ರಕ್ತದಲ್ಲಿ ಏನೂ ಕಾಣಲಿಲ್ಲ, ಆದರೂ ಎಚ್ಚರಿಕೆ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಇನ್ಸ್‌ಪೆಕ್ಟರಮ್ಮ ಬೆಳಗ್ಗೆ, ಮಧ್ಯಾಹ್ನ, ಸಂಜೆ ಥರ್ಮಾಮೀಟರ್ ಹಿಡಿದು ಬರುತ್ತಾಳೆ, ಸೊಸೆ ಸುಮ್ಮನೆ ಬಾಯಿ ತೆರೆಯುತ್ತಾಳೆ. ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೂ ಅಡ್ಡ ಗೀಟು ಬೀಳುತ್ತದೆ. ಒಂದು ವಾರ. ಎರಡು ವಾರ. ಮಗ ಮತ್ತೆ ಅಮ್ಮನ ಜೊತೆ ಊಟಕ್ಕೆ ಕೂರಲು ಶುರು ಮಾಡಿದ. ಹತ್ತೊಂಬತ್ತನೆಯ ದಿನವೂ ಕಳೆದಾಗ ಅವಳಿಗೆ, ಯಾಕೋ ಏನೋ, ಗಂಡಾಂತರ ದಾಟಿತು ಅನ್ನಿಸಿತು.

ಇಪ್ಪತ್ತಮೂರನೆಯ ದಿನ ಸಂಜೆ, ಇನ್ನೂ ಬೆಳಕಿತ್ತು. ಇಬ್ಬರೂ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದರು. ಅಂಗೈಯಷ್ಟಗಲದ ಒಂದು ಟೋಪಿಯನ್ನು ಸೊಸೆ ಮುಷ್ಟಿಯ ಮೇಲೆ ಹಾಕಿ ತೋರಿಸಿದಳು, ಇಬ್ಬರೂ ನಕ್ಕರು. ಹತ್ತಿರ ಹತ್ತಿರ ಐದು ತಿಂಗಳ ಮೇಲೆ, ಆ ಬಟ್ಟೆಗಳಿಂದ ಸೋಪಿನ ವಾಸನೆ ಒಂದೆಳೆ ಬಂದಂತಾಯಿತು ಇನ್ಸ್‌ಪೆಕ್ಟರಮ್ಮನಿಗೆ. ಬಂತೋ, ಭ್ರಮೆಯೋ? ಇನ್ನೊಮ್ಮೆ ನೋಡೋಣ ಎಂದು ಒಂದು ಅಂಗಿಯನ್ನು ಮೂಗಿನ ಹತ್ತಿರ ತಂದಳು.

"ಅತ್ತೆ" ಎಂದಳು ಸೊಸೆ, ಶಾಲನ್ನು ಭುಜದ ಮೇಲೆ ಎಳೆದುಕೊಳ್ಳುತ್ತ. "ಯಾಕೋ ಚಳಿ ಆಗ್ತಿದೆ. ಸ್ವಲ್ಪ ಆ ಕಿಟಕಿ ಹಾಕ್ತೀರಾ?"

ಅವಳು ಅಂಗಿಯನ್ನು ಕೆಳಗಿಟ್ಟು ಎದ್ದಳು. ಕಿಟಕಿ ಹಾಕಿಯೇ ಇತ್ತು.